ವಿಲ್ಸನ್ ಹೋದರೂ ವಿಲ್ಸನ್ ಹಣ ಹೋಗಲಿಲ್ಲ: ಎನ್‌ಎಫ್‌ಎಲ್ ಸ್ಯಾಲರಿ ಕ್ಯಾಪ್ ಸುಮ್ನೆ ಹೆಸರಿಗಾ?

ಪ್ರಶ್ನೆ: ನಾನು ಆರು ವರ್ಷದಿಂದ ಡೆನ್ವರ್‌ನಲ್ಲಿದ್ದೇನೆ. ಬಂದಾಗ ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರಲಿಲ್ಲ. ಈಗ ಮನೆಮಂದಿಗೆಲ್ಲ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಬ್ರಾಂಕೋಸ್‌ನ ಹುಚ್ಚು. ಆಟ ಅರ್ಥವಾಗುತ್ತದೆ, ಆಟ ಇಲ್ಲದ ತಿಂಗಳುಗಳು ಅರ್ಥವಾಗುವುದಿಲ್ಲ. 2024ರಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ) ರಸೆಲ್ ವಿಲ್ಸನ್ ಅವರನ್ನು ಕೈಬಿಟ್ಟರು. ಆದರೂ 2025ರಲ್ಲಿ ಅವರ ಹಣ ನಮ್ಮ ಲೆಕ್ಕದಲ್ಲೇ ಇತ್ತು. ಅದೇ 2025ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹುಫಾಂಗಾ, ಗ್ರೀನ್‌ಲಾ ಎಂಬ ಇಬ್ಬರು ಡಿಫೆನ್ಸ್ ಆಟಗಾರರನ್ನೂ ಕರೆತಂದರು. ಒಂದು ತಂಡ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ ಇದೆ ಅಂತಾರೆ, ಆ ಮಿತಿ ಯಾರನ್ನೂ ತಡೆದದ್ದು ಕಾಣೆ. ಹಾಗಾದರೆ ಸ್ಯಾಲರಿ ಕ್ಯಾಪ್ ಅನ್ನೋದು ಸುಮ್ನೆ ಹೆಸರಿಗಾ? ಫೆಬ್ರವರಿಯಿಂದ ಆಗಸ್ಟ್‌ವರೆಗೆ ಒಂದು ತಂಡ ನಿಜವಾಗಿ ಏನು ಮಾಡುತ್ತದೆ?

ಉತ್ತರ: ಹೆಸರಿಗಲ್ಲ, ನಿಜವಾಗಿಯೂ ಇದೆ. ಆದರೆ ನೀವು ಅದನ್ನು ಐಪಿಎಲ್ ಪರ್ಸ್ ಥರ ಅಂದುಕೊಂಡಿದ್ದೀರಿ, ಅಲ್ವಾ? ಕ್ರಿಕೆಟ್ ನೋಡಿ ಬೆಳೆದ ನಮ್ಮೆಲ್ಲರಿಗೂ ಮೊದಲು ಆಗುವ ಗೊಂದಲ ಇದೇ. 2025ರ ಐಪಿಎಲ್‌ಗೆ ಒಂದೊಂದು ತಂಡಕ್ಕೆ 120 ಕೋಟಿ ರೂಪಾಯಿ ಪರ್ಸ್ ಇತ್ತು. ಆರ್‌ಸಿಬಿ 21 ಕೋಟಿಗೆ ಕೊಹ್ಲಿ ಅವರನ್ನು ಉಳಿಸಿಕೊಂಡಿತು. ಅಷ್ಟೂ ಹಣ ಪರ್ಸ್‌ನಿಂದ ಆಗಲೇ ಕಳೆಯಿತು. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಅಲ್ಲಿ ಹಣ ಕೈಗೆ ಕೊಡುವ ದಿನ ಬೇರೆ, ಪುಸ್ತಕದಲ್ಲಿ ಬರೆಯುವ ವರ್ಷ ಬೇರೆ. ಆಫ್‌ಸೀಸನ್ ಪೂರ್ತಿ ನಡೆಯುವುದು ಈ ಎರಡರ ನಡುವಿನ ಜಾಗದಲ್ಲೇ.

ಮೊದಲು ಮಿತಿ ಎಷ್ಟು ಅಂತ ನೋಡೋಣ. ಕ್ಯಾಪ್ ಶುರುವಾದದ್ದು 1994ರಲ್ಲಿ, ತಂಡಕ್ಕೆ 3.46 ಕೋಟಿ ಡಾಲರ್. 2025ರಲ್ಲಿ ಅದು 27.92 ಕೋಟಿ ಡಾಲರ್. ಟಿವಿ ಹಕ್ಕು, ಟಿಕೆಟ್, ಪ್ರಾಯೋಜಕರು ಹೀಗೆ ಲೀಗ್‌ಗೆ ಬರುವ ಆದಾಯದಲ್ಲಿ ಆಟಗಾರರ ಪಾಲು ಇಂತಿಷ್ಟು ಎಂದು ಅವರ ಸಂಘ ಮತ್ತು ಲೀಗ್ ಒಪ್ಪಂದ ಮಾಡಿಕೊಂಡಿವೆ. ಆ ಪಾಲನ್ನು 32 ತಂಡಗಳಿಗೆ ಹಂಚಿದರೆ ಸಿಗುವುದೇ ಕ್ಯಾಪ್. ಆದ್ದರಿಂದ ಆದಾಯ ಬಿದ್ದರೆ ಕ್ಯಾಪ್ ಕೂಡ ಬೀಳುತ್ತದೆ. ಕೋವಿಡ್‌ನಿಂದ ಕ್ರೀಡಾಂಗಣಗಳು ಖಾಲಿ ಬಿದ್ದ ಮರುವರ್ಷ, 2021ರಲ್ಲಿ, 19.82 ಕೋಟಿಯಿಂದ 18.25 ಕೋಟಿಗೆ ಇಳಿಯಿತು. ಆ ವರ್ಷ ಎಷ್ಟೋ ಒಳ್ಳೆಯ ಆಟಗಾರರು ಕೆಲಸ ಕಳೆದುಕೊಂಡರು. ಹೆಸರಿಗೆ ಮಾತ್ರ ಇರುವ ಮಿತಿ ಇಷ್ಟು ಜನರನ್ನು ಮನೆಗೆ ಕಳಿಸುವುದಿಲ್ಲ.

ಈಗ ಒಂದು ಒಪ್ಪಂದವನ್ನು ಬಿಡಿಸಿ ನೋಡೋಣ. ಸ್ವಲ್ಪ ಸಮಾಧಾನದಿಂದ ಓದಿ. ಇದೊಂದು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಬ್ಬ ಡಿಫೆನ್ಸ್ ಆಟಗಾರನಿಗೆ ನಾಲ್ಕು ವರ್ಷಕ್ಕೆ 6 ಕೋಟಿ ಡಾಲರ್ ಒಪ್ಪಂದ ಅಂತ ಇಟ್ಟುಕೊಳ್ಳಿ. ಅದರಲ್ಲಿ 2 ಕೋಟಿ ಸೈನಿಂಗ್ ಬೋನಸ್. ಸಹಿ ಹಾಕಿದ ಮೇಲೆ ಈ 2 ಕೋಟಿ ಅವನದು. ಉಳಿದ 4 ಕೋಟಿ ಸಂಬಳ: ಮೊದಲ ವರ್ಷ 40 ಲಕ್ಷ, ಆಮೇಲೆ 1 ಕೋಟಿ, 1.2 ಕೋಟಿ, 1.4 ಕೋಟಿ. ಕ್ಯಾಪ್ ಲೆಕ್ಕದಲ್ಲಿ ಆ 2 ಕೋಟಿ ಬೋನಸ್ಸನ್ನು ಒಂದೇ ವರ್ಷಕ್ಕೆ ಬರೆಯುವುದಿಲ್ಲ. ಒಪ್ಪಂದ ಎಷ್ಟು ವರ್ಷವೋ ಅಷ್ಟಕ್ಕೂ ಸಮನಾಗಿ ಹಂಚುತ್ತಾರೆ, ಐದು ವರ್ಷ ಮೀರುವ ಹಾಗಿಲ್ಲ. ಅಂದರೆ ವರ್ಷಕ್ಕೆ 50 ಲಕ್ಷ. ಹಾಗಾಗಿ ಅವನ ಕ್ಯಾಪ್ ಲೆಕ್ಕ ಕ್ರಮವಾಗಿ 90 ಲಕ್ಷ, 1.5 ಕೋಟಿ, 1.7 ಕೋಟಿ, 1.9 ಕೋಟಿ. ಮೊದಲ ವರ್ಷ ಅವನ ಕೈಗೆ ಬಂದದ್ದು 2.4 ಕೋಟಿ, ತಂಡದ ಪುಸ್ತಕದಲ್ಲಿ ಬರೆದದ್ದು 90 ಲಕ್ಷ. ಮಾರ್ಚ್‌ನಲ್ಲಿ ಕೋಟಿಗಟ್ಟಲೆ ಸುದ್ದಿ ಕೇಳಿ ‘ಇಷ್ಟು ಜಾಗ ಇವರಿಗೆ ಎಲ್ಲಿಂದ ಬಂತು’ ಅಂತ ನಿಮಗೆ ಅನ್ನಿಸುತ್ತದಲ್ಲ, ಜಾಗ ಬಂದದ್ದು ಇಲ್ಲಿಂದ.

ಈಗ ಎರಡನೇ ವರ್ಷ. ತಂಡಕ್ಕೆ ತುರ್ತಾಗಿ ಜಾಗ ಬೇಕು. ಅವನ 1 ಕೋಟಿ ಸಂಬಳದಲ್ಲಿ 16 ಲಕ್ಷ ಮಾತ್ರ ಸಂಬಳವಾಗಿ ಇಟ್ಟು 84 ಲಕ್ಷವನ್ನು ಬೋನಸ್ ಮಾಡಿ ಕೊಡುತ್ತಾರೆ. ಇದೇ ರಿಸ್ಟ್ರಕ್ಚರ್. ಆಟಗಾರನಿಗೆ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ, ಹಣ ಬೇಗ ಕೈಗೆ ಬರುತ್ತದೆ. ಆ 84 ಲಕ್ಷ ಉಳಿದ ಮೂರು ವರ್ಷಕ್ಕೆ 28 ಲಕ್ಷದಂತೆ ಹಂಚಿಹೋಗುತ್ತದೆ. ಈ ವರ್ಷದ ಲೆಕ್ಕ 1.5 ಕೋಟಿಯಿಂದ 94 ಲಕ್ಷಕ್ಕೆ ಇಳಿಯಿತು. ಖುಷಿ. ಆದರೆ ಮುಂದಿನ ಎರಡು ವರ್ಷ 1.98 ಕೋಟಿ, 2.18 ಕೋಟಿ ಆಯಿತು. ಮೂರೂ ವರ್ಷ ಕೂಡಿಸಿ ನೋಡಿ: ಮೊದಲೂ 5.1 ಕೋಟಿ, ಈಗಲೂ 5.1 ಕೋಟಿ. ಹಣ ಎಲ್ಲೂ ಹೋಗಿಲ್ಲ, ತಾರೀಕು ಮಾತ್ರ ಮುಂದೆ ಹೋಗಿದೆ.

ಮೂರನೇ ವರ್ಷದ ಹೊತ್ತಿಗೆ ಅವನ ಮೊಣಕಾಲು ಕೈಕೊಟ್ಟಿತು ಅಂದುಕೊಳ್ಳಿ. ಕಟ್ ಮಾಡಬೇಕು, ಅಂದರೆ ತಂಡದಿಂದ ತೆಗೆಯಬೇಕು. ಗ್ಯಾರಂಟಿ ಇಲ್ಲದ ಸಂಬಳ ಕೊಡಬೇಕಾಗಿಲ್ಲ. ಆದರೆ ಇನ್ನೂ ಬರೆಯದೆ ಬಾಕಿ ಇರುವ ಬೋನಸ್ ಪೂರ್ತಿ ಆ ವರ್ಷದ ಮೇಲೆ ಒಟ್ಟಿಗೆ ಬಂದು ಬೀಳುತ್ತದೆ. ಇದಕ್ಕೇ ಡೆಡ್ ಮನಿ ಅನ್ನುವುದು. ರಿಸ್ಟ್ರಕ್ಚರ್ ಮಾಡದೆ ಇದ್ದಿದ್ದರೆ ಬಾಕಿ 1 ಕೋಟಿ, ಆ ವರ್ಷದ 1.7 ಕೋಟಿ ಲೆಕ್ಕದಲ್ಲಿ ಉಳಿತಾಯ 70 ಲಕ್ಷ. ಮಾಡಿದ್ದರಿಂದ ಬಾಕಿ 1.56 ಕೋಟಿ, ಉಳಿತಾಯ ಬರೀ 42 ಲಕ್ಷ. ಮೈದಾನದಲ್ಲಿ ಇಲ್ಲದ ಆಟಗಾರನಿಗೆ ಒಂದೂವರೆ ಕೋಟಿ ಜಾಗ ಬಿಟ್ಟುಕೊಟ್ಟು ತಂಡ ಕಟ್ಟಬೇಕು.

ನಿಮ್ಮ ವಿಲ್ಸನ್ ಕಥೆ ಇದೇ, ಗಾತ್ರ ಮಾತ್ರ ದೊಡ್ಡದು. 2022ರ ಸೆಪ್ಟೆಂಬರ್ 1ರಂದು, ಬ್ರಾಂಕೋಸ್ ಪರವಾಗಿ ಒಂದೇ ಒಂದು ಪಂದ್ಯ ಆಡುವ ಮೊದಲೇ, ಅವರ ಒಪ್ಪಂದವನ್ನು ಐದು ವರ್ಷ ಮುಂದುವರಿಸಿದರು, ಸುಮಾರು 24.5 ಕೋಟಿ ಡಾಲರ್‌ಗೆ. ಎರಡು ಸೀಸನ್‌ನಲ್ಲಿ ಅದು ಕೂಡಿಬರಲಿಲ್ಲ. 2024ರ ಮಾರ್ಚ್‌ನಲ್ಲಿ ಗಡುವು ಎದುರಿಗಿತ್ತು. ಮಾರ್ಚ್ ಮಧ್ಯದಲ್ಲಿ ಶುರುವಾಗುವ ಹೊಸ ಲೀಗ್ ವರ್ಷದ ಐದನೇ ದಿನ ಅವರು ತಂಡದಲ್ಲೇ ಇದ್ದರೆ 2025ರ 3.7 ಕೋಟಿ ಸಂಬಳವೂ ಗ್ಯಾರಂಟಿ ಆಗುತ್ತಿತ್ತು. ಅದಕ್ಕೇ ಮೊದಲೇ ಬಿಡುಗಡೆ ಮಾಡಿದರು. ಒಟ್ಟು ಡೆಡ್ ಮನಿ 8.5 ಕೋಟಿ. ಲೀಗ್ ಇತಿಹಾಸದಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ಮೊತ್ತ ಇರಲಿಲ್ಲ. 2024ರ 3.9 ಕೋಟಿ ಸಂಬಳ ಗ್ಯಾರಂಟಿ ಆಗಿತ್ತು, ಉಳಿದದ್ದು ಹೆಚ್ಚಾಗಿ ಬೋನಸ್ ಬಾಕಿ. ವಿಲ್ಸನ್ 12.1 ಲಕ್ಷದ ಕನಿಷ್ಠ ಸಂಬಳಕ್ಕೆ ಪಿಟ್ಸ್‌ಬರ್ಗ್ ಸೇರಿದರು. ಅಷ್ಟು ಕಳೆದು ಉಳಿದ ಸಂಬಳ ಡೆನ್ವರ್‌ನದೇ ಜೇಬಿನಿಂದ.

8.5 ಕೋಟಿ ಎರಡು ವರ್ಷಕ್ಕೆ ಹರಡಿದ್ದು ಹೇಗೆ? ಅದಕ್ಕೆ ಜೂನ್ 1ರ ನಿಯಮ ಇದೆ. ಆ ತಾರೀಕಿನ ನಂತರ ಕಟ್ ಮಾಡಿದರೆ ಈ ವರ್ಷದ ಕಂತು ಮಾತ್ರ ಈ ವರ್ಷಕ್ಕೆ, ಉಳಿದ ಬೋನಸ್ ಮುಂದಿನ ವರ್ಷಕ್ಕೆ. ಪ್ರತಿ ತಂಡ ಇಬ್ಬರನ್ನು ಮಾರ್ಚ್‌ನಲ್ಲೇ ಕಟ್ ಮಾಡಿ ‘ಇದನ್ನು ಜೂನ್ 1ರ ನಂತರದ್ದು ಅಂತ ಬರೆಯಿರಿ’ ಎಂದು ಹೇಳಬಹುದು. ಡೆನ್ವರ್ ಹಾಗೇ ಮಾಡಿ 2024ಕ್ಕೆ 5.3 ಕೋಟಿ, 2025ಕ್ಕೆ 3.2 ಕೋಟಿ ಎಂದು ಹಂಚಿತು. ಇದರಲ್ಲಿ ಅನೇಕರು ಗಮನಿಸದ ಒಂದು ಕೊಕ್ಕೆ ಇದೆ. ಹೀಗೆ ಬರೆಸಿದರೂ ಜೂನ್ ಬರುವವರೆಗೆ ಆಟಗಾರನ ಹಳೇ ಲೆಕ್ಕ ಪೂರ್ತಿ ಪುಸ್ತಕದಲ್ಲೇ ಕೂತಿರುತ್ತದೆ. ಒಪ್ಪಂದ ಮುಗಿದ ಆಟಗಾರರನ್ನು ಕರೆತರುವ ಮಾರ್ಚ್‌ನ ಸಂತೆಯಲ್ಲಿ ಆ ಉಳಿತಾಯ ಕೈಗೆ ಸಿಗುವುದಿಲ್ಲ. ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವುದು) ಬಂದ ಹುಡುಗರ ಸಹಿಗೆ, ಸೀಸನ್ ಮಧ್ಯದ ಗಾಯಗಳಿಗೆ ಅದು ಬಳಕೆಗೆ ಬರುತ್ತದೆ.

ಮಿತಿ ಯಾರನ್ನೂ ತಡೆದದ್ದು ಕಾಣೆ ಅಂದಿರಿ. ಅದೇ 2024ರ ಮಾರ್ಚ್ ಸ್ವಲ್ಪ ನೆನಪಿಸಿಕೊಳ್ಳಿ. ಜಸ್ಟಿನ್ ಸಿಮನ್ಸ್ ಅವರನ್ನು ಬಿಟ್ಟುಕೊಟ್ಟರು. 2016ರಲ್ಲಿ ನಿಮ್ಮ ತಂಡವೇ ಡ್ರಾಫ್ಟ್‌ನ ಮೂರನೇ ರೌಂಡ್‌ನಲ್ಲಿ ಆರಿಸಿ ಬೆಳೆಸಿದ್ದ ಸೇಫ್ಟಿ, ಅಂದರೆ ಡಿಫೆನ್ಸ್‌ನ ಹಿಂದಿನ ಸಾಲಿನ ಆಟಗಾರ. ಎಂಟು ಸೀಸನ್ ಇಲ್ಲೇ ಆಡಿದವರು. ರಿಸೀವರ್ (ಎಸೆದ ಚೆಂಡು ಹಿಡಿಯುವವರು) ಜೆರಿ ಜೂಡಿ ಅವರನ್ನು ಕೆಳ ರೌಂಡ್‌ನ ಎರಡು ಪಿಕ್‌ಗೆ, ಅಂದರೆ ಡ್ರಾಫ್ಟ್‌ನಲ್ಲಿ ಆರಿಸುವ ಎರಡು ಸರದಿಗೆ, ಕ್ಲೀವ್‌ಲ್ಯಾಂಡ್‌ಗೆ ಕೊಟ್ಟರು. ವಿಲ್ಸನ್ ಒಪ್ಪಂದದ ಭಾರ ಹೊತ್ತವರಲ್ಲಿ ಇವರೂ ಸೇರಿದ್ದಾರೆ. ಕ್ಯಾಪ್ ತಡೆಯುವುದು ಹೀಗೆ. ಬಂದವರು ಎಲ್ಲರಿಗೂ ಕಾಣಿಸುತ್ತಾರೆ, ಜಾಗ ಮಾಡಿಕೊಟ್ಟು ಹೋದವರು ಒಂದೇ ವಾರದಲ್ಲಿ ಮರೆತುಹೋಗುತ್ತಾರೆ. ನನಗೆ ಇದು ಪ್ರತಿ ಮಾರ್ಚ್‌ನಲ್ಲೂ ಸಂಕಟದ ವಿಷಯ.

ಇನ್ನು ಹುಫಾಂಗಾ, ಗ್ರೀನ್‌ಲಾ ಬಂದದ್ದು. ಇವರಿಗೆ ಜಾಗ ಮಾಡಿಕೊಟ್ಟದ್ದು ಲೆಕ್ಕದ ಚಾಣಾಕ್ಷತನಕ್ಕಿಂತ ಹೆಚ್ಚಾಗಿ ಬೋ ನಿಕ್ಸ್. 2024ರ ಡ್ರಾಫ್ಟ್‌ನಲ್ಲಿ 12ನೇ ಪಿಕ್‌ನಲ್ಲಿ ಬಂದ ಕ್ವಾರ್ಟರ್‌ಬ್ಯಾಕ್. ಅವರ ನಾಲ್ಕು ವರ್ಷದ ಒಪ್ಪಂದ ಒಟ್ಟು ಸುಮಾರು 1.86 ಕೋಟಿ ಡಾಲರ್. ವಿಲ್ಸನ್ ಅವರ 2025ರ ಒಂದು ವರ್ಷದ ಬಾಕಿಯೇ ಇದಕ್ಕಿಂತ ಜಾಸ್ತಿ! ಬಾಕಿ ತೀರಿಸುತ್ತಲೇ ಡೆನ್ವರ್ 2024ರಲ್ಲಿ 10 ಪಂದ್ಯ ಗೆದ್ದು, 2015ರ ಸೀಸನ್ ಬಳಿಕ ಮೊದಲ ಸಲ ಪ್ಲೇಆಫ್‌ಗೆ ಹೋಯಿತು.

ಡ್ರಾಫ್ಟ್‌ನಲ್ಲಿ ಬಂದವರಿಗೆ ಇಷ್ಟು ಕಡಿಮೆ ಸಂಬಳ ಮೊದಲಿನಿಂದ ಇರಲಿಲ್ಲ. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್ ಅವರಿಗೆ ಆರು ವರ್ಷಕ್ಕೆ 7.8 ಕೋಟಿ, ಅದರಲ್ಲಿ 5 ಕೋಟಿ ಗ್ಯಾರಂಟಿ. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಹೊಸ ಒಪ್ಪಂದ ಬಂತು, ಪಿಕ್ ನಂಬರ್ ಪ್ರಕಾರ ಸಂಬಳ ನಿಗದಿಯಾಯಿತು. ಆ ವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್ ಅವರಿಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಒಂದೇ ವರ್ಷದ ಅಂತರ, ಎಷ್ಟು ವ್ಯತ್ಯಾಸ ನೋಡಿ. ಅಂದಿನಿಂದ ತಂಡ ಕಟ್ಟುವ ದಾರಿಯೇ ಬದಲಾಯಿತು. ನಾಲ್ಕು ವರ್ಷ ಕಡಿಮೆ ಸಂಬಳಕ್ಕೆ ಚೆನ್ನಾಗಿ ಆಡುವ ಹುಡುಗರು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ನೀವು ಸಂತೆಯಲ್ಲಿ ಎಷ್ಟು ಖರ್ಚು ಮಾಡಬಹುದು ಅನ್ನುವುದು ನಿಂತಿದೆ. ವಿಲ್ಸನ್ ವಿಷಯದಲ್ಲಿ ಹಣದಷ್ಟೇ ದೊಡ್ಡ ನಷ್ಟ ಅವರಿಗಾಗಿ ಸಿಯಾಟಲ್‌ಗೆ ಕೊಟ್ಟ ಎರಡು ಫಸ್ಟ್ ರೌಂಡ್, ಎರಡು ಸೆಕೆಂಡ್ ರೌಂಡ್ ಪಿಕ್. ದುಬಾರಿ ಆಟಗಾರನೂ ಬಂದ, ಕಡಿಮೆ ಸಂಬಳದ ಹುಡುಗರೂ ಹೋದರು. ಎರಡು ಕಡೆಯಿಂದಲೂ ಪೆಟ್ಟು.

ಇದಕ್ಕೆ ಪೂರ್ತಿ ಉಲ್ಟಾ ಮಾಡಿದ್ದು ಕಾನ್ಸಾಸ್ ಸಿಟಿ. 2022ರ ಮಾರ್ಚ್‌ನಲ್ಲಿ ಟೈರೀಕ್ ಹಿಲ್ ಅವರನ್ನು ಮಯಾಮಿಗೆ ಕೊಟ್ಟು ಐದು ಪಿಕ್ ತೆಗೆದುಕೊಂಡರು. ಲೀಗ್‌ನ ಅತಿ ವೇಗದ ರಿಸೀವರ್‌ನನ್ನು ಯಾರಾದರೂ ಕೊಡುತ್ತಾರಾ ಅಂತ ಅಭಿಮಾನಿಗಳು ಕಿಡಿಕಾರಿದರು. ಮಯಾಮಿ ಹಿಲ್ ಅವರಿಗೆ ನಾಲ್ಕು ವರ್ಷಕ್ಕೆ 12 ಕೋಟಿ ಕೊಟ್ಟಿತು. ಕಾನ್ಸಾಸ್ ಸಿಟಿ ಬಂದ ಪಿಕ್‌ಗಳಲ್ಲಿ ಕೆಲವನ್ನು ಬಳಸಿ ಡ್ರಾಫ್ಟ್ ಸರದಿಯಲ್ಲಿ ಮೇಲೆ ಹೋಗಿ ಕಾರ್ನರ್‌ಬ್ಯಾಕ್ (ರಿಸೀವರ್‌ನನ್ನು ತಡೆಯುವವರು) ಟ್ರೆಂಟ್ ಮೆಕ್‌ಡಫಿ ಅವರನ್ನು ಹಿಡಿಯಿತು. ಮುಂದಿನ ಎರಡೂ ಸೀಸನ್‌ನ ಸೂಪರ್ ಬೌಲ್ (ಲೀಗ್‌ನ ಫೈನಲ್) ಅವರದೇ. ನನ್ನ ಅಭಿಪ್ರಾಯ ಕೇಳಿದರೆ, ಒಬ್ಬ ಆಟಗಾರನನ್ನು ಒಂದು ವರ್ಷ ಬೇಗ ಕಳಿಸುವುದು ಒಂದು ವರ್ಷ ತಡವಾಗಿ ಕಳಿಸುವುದಕ್ಕಿಂತ ಯಾವಾಗಲೂ ಒಳ್ಳೆಯದು. ಅಭಿಮಾನಿಯಾಗಿ ಇದನ್ನು ಒಪ್ಪೋದು ಕಷ್ಟ ಅಂತ ನನಗೂ ಗೊತ್ತು.

ನೀವು ಕೇಳಿದ ತಿಂಗಳುಗಳ ಲೆಕ್ಕಕ್ಕೆ ಬರೋಣ. ಫೆಬ್ರವರಿಯಲ್ಲಿ ತಂಡ ತನ್ನ ಆಟಗಾರರನ್ನೇ ಕೂತು ನೋಡುತ್ತದೆ: ಯಾರ ಲೆಕ್ಕ ಆಟಕ್ಕಿಂತ ದೊಡ್ಡದಾಗಿದೆ, ಯಾರ ಒಪ್ಪಂದ ಮುಗಿಯಿತು. ಮಾರ್ಚ್ ಮೊದಲ ವಾರದೊಳಗೆ ಒಪ್ಪಂದ ಮುಗಿಯುವ ಒಬ್ಬನಿಗೆ ಫ್ರ್ಯಾಂಚೈಸ್ ಟ್ಯಾಗ್ ಹಾಕಿ ಉಳಿಸಿಕೊಳ್ಳಬಹುದು. ಅವನದೇ ಸ್ಥಾನದಲ್ಲಿ ಆಡುವ ಅತಿ ದುಬಾರಿ ಆಟಗಾರರ ಮಟ್ಟದ ಸಂಬಳ, ಒಂದು ವರ್ಷಕ್ಕೆ. ಪೂರ್ತಿ ಅದೇ ವರ್ಷದ ಪುಸ್ತಕಕ್ಕೆ ಬರುವುದರಿಂದ ಟ್ಯಾಗ್ ಯಾವಾಗಲೂ ಭಾರ. ಮಾರ್ಚ್ ಮಧ್ಯದ ಬುಧವಾರ, ಅಲ್ಲಿನ ಪೂರ್ವ ಸಮಯ ಸಂಜೆ 4ಕ್ಕೆ, ಹೊಸ ವರ್ಷ ಶುರು. ಆ ಕ್ಷಣಕ್ಕೆ 32 ತಂಡಗಳೂ ಮಿತಿಯ ಒಳಗಿರಬೇಕು. ವಿನಾಯಿತಿ ಇಲ್ಲ. ನ್ಯೂ ಆರ್ಲಿಯನ್ಸ್ ಸೇಂಟ್ಸ್ ವರ್ಷ ವರ್ಷವೂ ಕೋಟಿಗಟ್ಟಲೆ ಮೇಲೆ ಇದ್ದು, ಕೊನೆಯ ವಾರ ಸಾಲು ಸಾಲು ರಿಸ್ಟ್ರಕ್ಚರ್ ಮಾಡಿ ಒಳಗೆ ನುಸುಳುತ್ತದೆ. ಅದನ್ನು ನೋಡಿಯೇ ಜನ ಕ್ಯಾಪ್ ಸುಳ್ಳು ಅನ್ನುವುದು. ಆದರೆ ಡ್ರೂ ಬ್ರೀಸ್ ನಿವೃತ್ತರಾದ 2021ರಿಂದ 2024ರವರೆಗೆ ಆ ತಂಡ ಒಂದು ಸಲವೂ ಪ್ಲೇಆಫ್ ಕಂಡಿಲ್ಲ. ಕ್ಯಾಪ್ ಪ್ರತಿ ವರ್ಷ ಬೆಳೆಯುತ್ತದೆ ಅನ್ನೋ ಧೈರ್ಯದ ಮೇಲೆ ಸಾಲವನ್ನು ಮುಂದೆ ತಳ್ಳುತ್ತಾ ಹೋಗಬಹುದು, ನಿಜ. ಅದು ಗೆಲ್ಲುತ್ತಿರುವ ತಂಡಕ್ಕೆ ಸರಿ. ಸೋಲುತ್ತಿರುವ ತಂಡ ಹಾಗೆ ಮಾಡಿದರೆ ವಯಸ್ಸಾದವರನ್ನು ಬಿಡಲೂ ಆಗುವುದಿಲ್ಲ, ಹೊಸಬರನ್ನು ತರಲೂ ಆಗುವುದಿಲ್ಲ. ಅದೇ ಬೇರೆ ತಂಡ ಈ ವರ್ಷ ಖರ್ಚು ಮಾಡದೆ ಉಳಿಸಿದರೆ ಆ ಜಾಗವನ್ನು ಮುಂದಿನ ವರ್ಷಕ್ಕೆ ಸಾಗಿಸಿಕೊಳ್ಳಬಹುದು.

ಪುಸ್ತಕದ ಜಾಗ ಒಂದೇ ಅಲ್ಲ, ಮಾಲೀಕರ ಕೈಯಲ್ಲಿ ನಗದೂ ಬೇಕು. 84 ಲಕ್ಷವನ್ನು ಬೋನಸ್ ಮಾಡಿದರೆ ಯಾರೋ ಚೆಕ್ ಬರೆಯಲೇಬೇಕಲ್ಲ.

ಮಾರ್ಚ್‌ನಲ್ಲಿ ಕ್ಯಾಪ್‌ಗೆ ಎಲ್ಲ ಆಟಗಾರರೂ ಲೆಕ್ಕವಲ್ಲ. ಆಫ್‌ಸೀಸನ್‌ನಲ್ಲಿ 90 ಜನರನ್ನು ಇಟ್ಟುಕೊಳ್ಳಬಹುದು, ಆದರೆ ಅತಿ ದೊಡ್ಡ 51 ಮೊತ್ತಗಳನ್ನಷ್ಟೇ ಕೂಡಿಸುತ್ತಾರೆ. 11.7 ಲಕ್ಷದ ಒಬ್ಬ ಬಂದರೆ 51ನೇ ಜಾಗದಲ್ಲಿದ್ದ 9.6 ಲಕ್ಷದವನು ಪಟ್ಟಿಯಿಂದ ಕೆಳಗೆ ಜಾರುತ್ತಾನೆ. ನಿಜವಾಗಿ ಖರ್ಚಾದದ್ದು 2.1 ಲಕ್ಷ ಮಾತ್ರ. ಹೀಗಾಗಿ ‘ಇವರಿಗೆ ಜಾಗವೇ ಇಲ್ಲ’ ಅಂತ ಬರೆದ ಮರುದಿನ ತಂಡ ನಾಲ್ಕು ಜನರಿಗೆ ಸಹಿ ಹಾಕಿಸುತ್ತದೆ. ಡ್ರಾಫ್ಟ್‌ನ ಕೆಳ ರೌಂಡ್‌ನವರದೂ ಇದೇ ಕಥೆ. ಸೆಪ್ಟೆಂಬರ್‌ನಲ್ಲಿ ಸೀಸನ್ ಶುರುವಾದಾಗ ಈ ಸಡಿಲ ಮುಗಿಯುತ್ತದೆ. ತಂಡದ 53 ಜನ, ಪ್ರ್ಯಾಕ್ಟೀಸ್ ಸ್ಕ್ವಾಡ್ (ಅಭ್ಯಾಸಕ್ಕೆ ಇಟ್ಟುಕೊಂಡ ಹೆಚ್ಚುವರಿ ಆಟಗಾರರು), ಗಾಯಾಳುಗಳು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಜಾಣ ತಂಡ ಅದಕ್ಕೆ ಮೊದಲೇ ಒಂದಿಷ್ಟು ಬದಿಗಿಟ್ಟಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಬೇಗ ಹೇಳಿಬಿಡುತ್ತೇನೆ. ಒಪ್ಪಂದ ಮುಗಿದ ಒಳ್ಳೆಯ ಆಟಗಾರ ಬೇರೆ ಕಡೆ ಹೋದರೆ, ಕಳೆದುಕೊಂಡ ತಂಡಕ್ಕೆ ಮುಂದಿನ ವರ್ಷ ಪರಿಹಾರವಾಗಿ ಡ್ರಾಫ್ಟ್ ಪಿಕ್ ಸಿಗಬಹುದು. ಹೋದವರು, ಬಂದವರು ಇಬ್ಬರನ್ನೂ ತೂಗಿ ಅದನ್ನು ಕೊಡುತ್ತಾರೆ. ಕಟ್ ಮಾಡಿದವನಿಗೆ ಏನೂ ಸಿಗುವುದಿಲ್ಲ. ಸಿಮನ್ಸ್ ಹೋದಾಗ ನಿಮಗೆ ಏನೂ ಬರಲಿಲ್ಲ. ಹುಫಾಂಗಾ, ಗ್ರೀನ್‌ಲಾ ಒಪ್ಪಂದ ಮುಗಿಸಿ ಬಂದವರು, ಅವರು ಆ ತಕ್ಕಡಿಯಲ್ಲಿ ತೂಗುತ್ತಾರೆ.

ಏಪ್ರಿಲ್ ಕೊನೆಗೆ ಏಳು ರೌಂಡ್ ಡ್ರಾಫ್ಟ್, ಮೇನಲ್ಲಿ ಹಳೇ ಫಸ್ಟ್ ರೌಂಡ್‌ನವರ ಒಪ್ಪಂದವನ್ನು ಐದನೇ ವರ್ಷಕ್ಕೆ ಮುಂದುವರಿಸಬೇಕಾ ಅನ್ನುವ ತೀರ್ಮಾನ, ಜುಲೈ ಕೊನೆಗೆ ಕ್ಯಾಂಪ್. ಆಮೇಲೆ ಆಗಸ್ಟ್ ಕೊನೆಯ ಮಂಗಳವಾರ. ನನ್ನ ಮಟ್ಟಿಗೆ ಇಡೀ ವರ್ಷದಲ್ಲಿ ಇದಕ್ಕಿಂತ ಭಾರವಾದ ದಿನ ಇನ್ನೊಂದಿಲ್ಲ. 90ರಿಂದ 53ಕ್ಕೆ ಇಳಿಸಬೇಕು. ಒಂದು ತಂಡದಿಂದ 37 ಜನ, 32 ತಂಡದಿಂದ ಸಾವಿರಕ್ಕೂ ಮೇಲೆ. ಬೆಳಗ್ಗೆ ಒಬ್ಬ ಸಿಬ್ಬಂದಿ ಬಂದು ಹುಡುಗನ ಭುಜ ಮುಟ್ಟಿ, ‘ಕೋಚ್ ಕರೀತಿದ್ದಾರೆ, ಪ್ಲೇಬುಕ್ ತಗೊಂಡು ಬಾ’ ಅನ್ನುತ್ತಾರೆ. ಈಗ ಪ್ಲೇಬುಕ್ ಇರುವುದು ಟ್ಯಾಬ್ಲೆಟ್‌ನಲ್ಲಿ, ಮಾತು ಮಾತ್ರ ಹಳೆಯದೇ. ಹೊಸಬರು ಮೊದಲು ವೇವರ್‌ಗೆ ಹೋಗುತ್ತಾರೆ. ಅಂದರೆ ಬೇರೆ ಯಾವ ತಂಡ ಬೇಕಾದರೂ ಮರುದಿನದೊಳಗೆ ಎತ್ತಿಕೊಳ್ಳಬಹುದು. ಯಾರೂ ಎತ್ತಿಕೊಳ್ಳದಿದ್ದರೆ ಹಳೇ ತಂಡದ ಪ್ರ್ಯಾಕ್ಟೀಸ್ ಸ್ಕ್ವಾಡ್‌ಗೆ ವಾಪಸ್ ಬರಬಹುದು.

2022ರ ಆ ದಿನ ಸ್ಯಾನ್ ಫ್ರಾನ್ಸಿಸ್ಕೊ ಒಂದು ತೀರ್ಮಾನ ಮಾಡಬೇಕಿತ್ತು. ಕ್ವಾರ್ಟರ್‌ಬ್ಯಾಕ್ ನೇಟ್ ಸಡ್‌ಫೆಲ್ಡ್ ಅವರಿಗೆ 20 ಲಕ್ಷ ಡಾಲರ್ ಗ್ಯಾರಂಟಿ ಕೊಟ್ಟಾಗಿತ್ತು. ಕಟ್ ಮಾಡಿದರೆ ಅದು ದಂಡ. ಇನ್ನೊಬ್ಬರು ಬ್ರಾಕ್ ಪರ್ಡಿ. ಆ ವರ್ಷದ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಪಿಕ್. ಅವರನ್ನು ಕಟ್ ಮಾಡಿದರೆ ಖರ್ಚೇನೂ ಇರಲಿಲ್ಲ, ಆದರೆ ವೇವರ್‌ನಲ್ಲಿ ಬೇರೆಯವರು ಎತ್ತಿಕೊಂಡು ಹೋಗುವ ಭಯ ಇತ್ತು. ತಂಡ 20 ಲಕ್ಷದ ದಂಡ ನುಂಗಿಕೊಂಡು ಸಡ್‌ಫೆಲ್ಡ್ ಅವರನ್ನು ಬಿಟ್ಟಿತು, ಪರ್ಡಿ ಅವರನ್ನು ಮೂರನೇ ಕ್ವಾರ್ಟರ್‌ಬ್ಯಾಕ್ ಆಗಿ 53ರೊಳಗೆ ಇಟ್ಟುಕೊಂಡಿತು. ಸೆಪ್ಟೆಂಬರ್‌ನಲ್ಲಿ ಟ್ರೇ ಲ್ಯಾನ್ಸ್ ಗಾಯಗೊಂಡರು, ಡಿಸೆಂಬರ್‌ನಲ್ಲಿ ಜಿಮ್ಮಿ ಗರಾಪಲೊ. ಪರ್ಡಿ ಮೈದಾನಕ್ಕೆ ಇಳಿದರು. ಮರುವರ್ಷ ತಂಡವನ್ನು ಸೂಪರ್ ಬೌಲ್‌ವರೆಗೆ ಕರೆದೊಯ್ದರು, ಲೀಗ್‌ನಲ್ಲೇ ಅತಿ ಕಡಿಮೆ ಸಂಬಳದವರಲ್ಲಿ ಒಬ್ಬರಾಗಿ. ಅವರಿಂದ ಉಳಿದ ಜಾಗದಲ್ಲೇ ಸ್ಯಾನ್ ಫ್ರಾನ್ಸಿಸ್ಕೊ ಅಷ್ಟೊಂದು ದುಬಾರಿ ಆಟಗಾರರನ್ನು ಒಟ್ಟಿಗೆ ಸಾಕಿದ್ದು.

2025ರ ಮೇನಲ್ಲಿ ಪರ್ಡಿ ಅವರಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ ಆಯಿತು. ಅದು ಬರುತ್ತದೆ ಅಂತ ತಂಡಕ್ಕೆ ಮೊದಲೇ ಗೊತ್ತಿತ್ತು. ಅದಕ್ಕೆ ಎರಡು ತಿಂಗಳು ಮುಂಚೆ, ಮಾರ್ಚ್‌ನಲ್ಲಿ, ಒಬ್ಬೊಬ್ಬರನ್ನಾಗಿ ಬಿಟ್ಟುಕೊಡತೊಡಗಿತು. ಅವರಲ್ಲಿ ಇಬ್ಬರು ನಿಮ್ಮ ಊರಿಗೆ ಬಂದರು, ಹುಫಾಂಗಾ ಮತ್ತು ಗ್ರೀನ್‌ಲಾ.